ಫ್ಯೂಸು ಕಿತ್ತು ತಂತಿ ಬಿಗಿಯುವವರು

ಹೊರನಾಡ ಕನ್ನಡಿಗರೆಂದರೆ ಹೋಟೆಲು, ಬ್ಯಾಂಕು, ಗಿರಣಿ, ರೈಲ್ವೆ ಎಂದು ಎಣಿಸುತ್ತಿದ್ದ ಕಾಲ ಒಂದಿತ್ತು. ಇಂದು ಸಂಘದ ಸದಸ್ಯರ ಪಟ್ಟಿ ಹಿಡಿದು ಮನೆಮನೆಗೆ ಹೋದರೆ, ತಂತ್ರಾಂಶದ ಕೆಲಸದಲ್ಲಿರುವ ಮಗನೋ ಮಗಳೋ ಸೊಸೆಯೋ ಅಳಿಯನೋ ಇಲ್ಲದ ಮನೆ ಸಿಗುವುದು ಕಷ್ಟ. ಪುಣೆಯ ಹಿಂಜವಡಿ, ಹೈದರಾಬಾದಿನ ಮಾಧಾಪುರ, ಚೆನ್ನೈಯ ಹಳೆಯ ಮಹಾಬಲಿಪುರಂ ರಸ್ತೆ, ದಿಲ್ಲಿಯ ಮಗ್ಗುಲಿನ ಗುರುಗ್ರಾಮ, ಇವೇ ನಮ್ಮ ಮಕ್ಕಳ ಗಿರಣಿಗಳು. ಅವರ ಸಂಬಳದ ಮಾತು, ವಿದೇಶದ ಮಾತು, ಮದುವೆಯ ಮಾತು ನಮ್ಮ ಸಮಾರಂಭಗಳಲ್ಲಿ ಬೇಕಾದಷ್ಟು ನಡೆಯುತ್ತದೆ. ಅವರು ದಿನವಿಡೀ ಮಾಡುವ ಕೆಲಸದಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ನಮಗೆ ತಿಳಿಯದ ವಿದ್ಯೆ ಎಂದು ಹಿರಿಯರು ಸುಮ್ಮನಾಗುತ್ತಾರೆ. ಹೇಳಿದರೂ ನಿಮಗೆ ತಿಳಿಯದು ಎಂದು ಕಿರಿಯರು ಸುಮ್ಮನಾಗುತ್ತಾರೆ. ಈ ಎರಡು ಮೌನಗಳ ನಡುವೆ ಒಂದು ಕೆಟ್ಟ ರೂಢಿ ಹುಲುಸಾಗಿ ಬೆಳೆದಿದೆ.

ರೂಢಿ ಇದು: ಪ್ರೋಗ್ರಾಮು ಬರೆಯುವಾಗ ತಪ್ಪು ಹಿಡಿಯಲೆಂದು ಅದರೊಳಗೆ ಕೂರಿಸಿದ ಕಾವಲುಗಾರರನ್ನು, ಅದು ಜನರ ಕೈಗೆ ಹೋಗುವ ದಿನ, ಒಬ್ಬರನ್ನೂ ಬಿಡದೆ ಮನೆಗೆ ಕಳಿಸುವುದು.

ಈ ಕಾವಲುಗಾರರಿಗೆ ಆ ಉದ್ಯೋಗದಲ್ಲಿ ‘ಅಸರ್ಷನ್’ ಎಂದು ಹೆಸರು. ಹುಡುಗರು ಮಾತಿನಲ್ಲಿ ‘ಅಸರ್ಟ್’ ಎನ್ನುತ್ತಾರೆ. ವಿಷಯ ಹೆಸರಿನಷ್ಟು ಬಿಗಿಯಲ್ಲ. ನಮ್ಮ ಸಂಘದಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಅನೇಕರಿದ್ದಾರೆ. ಅವರನ್ನು ಕೇಳಿ. ಕೈಬರಹದ ಲೆಡ್ಜರಿನ ಕಾಲದಲ್ಲಿ ಸಂಜೆ ಡೆಬಿಟ್ಟಿನ ಮೊತ್ತವೂ ಕ್ರೆಡಿಟ್ಟಿನ ಮೊತ್ತವೂ ತಾಳೆಯಾಗದೆ ಹತ್ತು ಪೈಸೆ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ಪೈಸೆ ತಾನೇ, ಜೇಬಿನಿಂದ ಹಾಕಿ ಮುಗಿಸೋಣ ಎಂದರೆ ಹಿರಿಯ ಅಧಿಕಾರಿ ಒಪ್ಪುತ್ತಿರಲಿಲ್ಲ. ಒಂದು ಕಡೆ ಸಾವಿರ ರೂಪಾಯಿ ಹೆಚ್ಚಾಗಿ, ಇನ್ನೊಂದು ಕಡೆ ಒಂಬೈನೂರ ತೊಂಬತ್ತೊಂಬತ್ತು ರೂಪಾಯಿ ತೊಂಬತ್ತು ಪೈಸೆ ಕಡಿಮೆಯಾಗಿ, ಉಳಿದ ಶೇಷವೇ ಆ ಹತ್ತು ಪೈಸೆ ಆಗಿರಬಹುದು. ವ್ಯತ್ಯಾಸದ ಗಾತ್ರ ಮುಖ್ಯವಲ್ಲ. ಎಲ್ಲಿಯೋ ಏನೋ ಕೆಟ್ಟಿದೆ ಎಂಬ ಸುಳಿವು ಮುಖ್ಯ.

ಅಸರ್ಷನ್ ಎಂದರೆ ಇಂಥದೇ ತಾಳೆ. ಪ್ರೋಗ್ರಾಮಿನ ನಡುವೆ ಬರೆದವರೇ ಒಂದು ಸಾಲು ಸೇರಿಸುತ್ತಾರೆ: ಈ ಹಂತಕ್ಕೆ ಬಂದಾಗ ಇದು ನಿಜವಾಗಿರಲೇಬೇಕು. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಹೋದ ಮೇಲೆ ಎರಡರ ಮೊತ್ತ ಮೊದಲಿನಷ್ಟೇ ಇರಬೇಕು. ಹತ್ತು ಸ್ಥಾನಗಳ ಪಟ್ಟಿಯಲ್ಲಿ ಹನ್ನೊಂದನೆಯದನ್ನು ಯಾರೂ ಕೇಳಬಾರದು. ರೋಗಿಗೆ ಕೊಡುವ ಔಷಧದ ಪ್ರಮಾಣ ಸೊನ್ನೆಗಿಂತ ಕಡಿಮೆ ಇರಲಾರದು. ಈ ಮಾತು ಸುಳ್ಳಾಯಿತೆಂದರೆ ಪ್ರೋಗ್ರಾಮು ತನ್ನ ಲೆಕ್ಕವನ್ನು ತಾನೇ ತಪ್ಪಿದೆ ಎಂದರ್ಥ. ಇಲ್ಲೊಂದು ಭೇದ ಗಮನಿಸಬೇಕು. ಗ್ರಾಹಕರು ತಪ್ಪು ಪಿನ್ ಒತ್ತಿದರೆ ಅದು ಅಸರ್ಷನ್ನಿನ ವಿಷಯವಲ್ಲ. ಜನ ತಪ್ಪು ಒತ್ತಿಯೇ ಒತ್ತುತ್ತಾರೆ, ಅದಕ್ಕೆ ವಿನಯದ ಉತ್ತರ ಸಿದ್ಧವಿರಬೇಕು. ಗಿರಾಕಿ ಪಟ್ಟಿಯಲ್ಲಿಲ್ಲದ ತಿಂಡಿ ಕೇಳುವುದೇ ಬೇರೆ, ಅಡುಗೆಮನೆಯಲ್ಲಿ ಸಾಂಬಾರು ಹಳಸಿರುವುದೇ ಬೇರೆ. ಅಸರ್ಷನ್ ಅಡುಗೆಮನೆಯ ಕಾವಲು.

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. 1949ರಲ್ಲಿಯೇ ಅಲನ್ ಟ್ಯೂರಿಂಗ್ ಕೇಂಬ್ರಿಜ್‌ನ ಒಂದು ಸಮ್ಮೇಳನದಲ್ಲಿ ಮಂಡಿಸಿದ ಪುಟ್ಟ ಪ್ರಬಂಧದಲ್ಲಿ ಇದರ ಬೀಜವಿದೆ. ದೊಡ್ಡ ಪ್ರೋಗ್ರಾಮನ್ನು ಬರೆದವರು ಅಲ್ಲಲ್ಲಿ ಇಂಥ ನಿಶ್ಚಿತ ಮಾತುಗಳನ್ನು ನೆಟ್ಟಿಟ್ಟರೆ, ಪರೀಕ್ಷಿಸುವವರು ಒಂದೊಂದನ್ನೇ ಬಿಡಿಯಾಗಿ ನೋಡಿ ಇಡಿಯದರ ಸರಿತನವನ್ನು ತೀರ್ಮಾನಿಸಬಹುದು ಎಂದು ಅವರು ತೋರಿಸಿದರು. ಕೂಡುವ ಲೆಕ್ಕದಲ್ಲಿ ದಶಕದ ಅಂಕಿಗಳನ್ನು ಬರೆದಿಟ್ಟರೆ ಒಂದೊಂದು ಸಾಲನ್ನೂ ಪ್ರತ್ಯೇಕವಾಗಿ ತಾಳೆ ನೋಡಬಹುದಲ್ಲ, ಹಾಗೆ, ಎಂಬ ಹೋಲಿಕೆಯೂ ಅವರದೇ. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಇದಕ್ಕೆ ಗಣಿತದ ಅಡಿಪಾಯ ಹಾಕಿದರು.

ಇಷ್ಟು ಹಿರಿಯರು ಕಟ್ಟಿಕೊಟ್ಟ ಕಾವಲನ್ನು ತೆಗೆಯುವುದು ಎಷ್ಟು ಸುಲಭ ಗೊತ್ತೆ? ‘ಸಿ’ ಭಾಷೆಯಲ್ಲಿ ‘ಎನ್‌ಡೀಬಗ್’ ಎಂಬ ಒಂದು ಪದ ಸೇರಿಸಿದರಾಯಿತು; ಎಲ್ಲ ಅಸರ್ಟುಗಳೂ ತಯಾರಾದ ಪ್ರೋಗ್ರಾಮಿನಿಂದ ಮಾಯ. ‘ಪೈಥಾನ್’ ಭಾಷೆಯಲ್ಲಿ ಪ್ರೋಗ್ರಾಮನ್ನು ನಡೆಸುವಾಗ ‘ಓ’ ಎಂಬ ಒಂದು ಅಕ್ಷರದ ಸೂಚನೆ ಸಾಕು. ‘ಜಾವಾ’ಕ್ಕೆ 2002ರಲ್ಲಿ, 1.4ನೆಯ ಆವೃತ್ತಿಯಲ್ಲಿ, ಅಸರ್ಷನ್ ಬಂತು. ಆದರೆ ಯಾರಾದರೂ ಹೆಸರು ಹಿಡಿದು ಎಬ್ಬಿಸದ ಹೊರತು ಅದು ಏಳುವುದೇ ಇಲ್ಲ. ಕಾವಲುಗಾರ ನಿದ್ದೆಯಲ್ಲಿಯೇ ಕೆಲಸಕ್ಕೆ ಸೇರುವ ವ್ಯವಸ್ಥೆ!

ಪೈಥಾನಿನ ವಿಷಯದಲ್ಲಿ ಇನ್ನೂ ಒಂದು ಅಪಾಯವಿದೆ, ನಮ್ಮ ಕಿರಿಯರು ಇದನ್ನು ಓದುತ್ತಿದ್ದರೆ ಗಮನವಿಟ್ಟು ನೋಡಲಿ. ‘ಈ ಕೆಲಸ ಮಾಡಲು ಬಂದವರಿಗೆ ಅಧಿಕಾರವಿದೆಯೆ?’ ಎಂಬ ಪರೀಕ್ಷೆಯನ್ನೇ ಕೆಲವರು ಅಸರ್ಟ್ ರೂಪದಲ್ಲಿ ಬರೆದುಬಿಡುತ್ತಾರೆ. ಬರೆಯುವ ಮನೆಯಲ್ಲಿ ಬಾಗಿಲು ಭದ್ರ. ಆ ಒಂದಕ್ಷರದ ಸೂಚನೆ ಬಿದ್ದೊಡನೆ ಬಾಗಿಲೇ ಇರುವುದಿಲ್ಲ. ಇನ್ನು ಕೆಲವರು ಅಸರ್ಟಿನ ಒಳಗೇ ನಿಜವಾದ ಕೆಲಸವನ್ನೂ ತುರುಕಿರುತ್ತಾರೆ. ಕಾವಲುಗಾರನ ಜೊತೆ ಅಡುಗೆಯವನೂ ಮನೆಗೆ ಹೋಗುತ್ತಾನೆ. ಪರೀಕ್ಷೆ ಮಾಡಿದ ಪ್ರೋಗ್ರಾಮು ಒಂದು, ಜನರ ಕೈಗೆ ಕೊಟ್ಟ ಪ್ರೋಗ್ರಾಮು ಇನ್ನೊಂದು ಎಂದಾದಮೇಲೆ ಆ ಪರೀಕ್ಷೆಗೆ ಏನು ಬೆಲೆ?

ಟೋನಿ ಹೋರ್ 1973ರಷ್ಟು ಹಿಂದೆಯೇ ಈ ರೂಢಿಯನ್ನು ಲೇವಡಿ ಮಾಡಿದ್ದರು. ದಡದ ಮೇಲೆ ಅಭ್ಯಾಸ ಮಾಡುವಾಗ ಜೀವರಕ್ಷಕ ಅಂಗಿ ತೊಟ್ಟು, ಸಮುದ್ರಕ್ಕೆ ಇಳಿಯುವಾಗ ಅದನ್ನು ಕಳಚಿಡುವ ನಾವಿಕನಿಗೆ ಅವರು ಇದನ್ನು ಹೋಲಿಸಿದರು. 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಅವರು ಹೇಳಿದ ಸಂಗತಿ ಇನ್ನೂ ಮಾರ್ಮಿಕವಾದುದು. 1960ರ ದಶಕದಲ್ಲಿ ಇಂಗ್ಲೆಂಡಿನ ಎಲಿಯಟ್ ಕಂಪೆನಿಗಾಗಿ ಅವರ ತಂಡ ‘ಆಲ್ಗಾಲ್’ ಭಾಷೆಯ ಅನುವಾದಕವನ್ನು ರಚಿಸಿತ್ತು. ಪಟ್ಟಿಯ ಮಿತಿಯ ಹೊರಗೆ ಕೈ ಹಾಕುತ್ತಿದೆಯೇ ಎಂದು ಪ್ರತಿ ಬಾರಿಯೂ ತಾಳೆ ನೋಡುವಂತೆ ಅದನ್ನು ಮಾಡಿದ್ದರು. ವರ್ಷಗಳ ನಂತರ ಗ್ರಾಹಕರನ್ನೇ ಕೇಳಿದರಂತೆ: ವೇಗ ಬೇಕಾದರೆ ಈ ತಾಳೆಯನ್ನು ತೆಗೆಯುವ ಸೌಕರ್ಯ ಕೊಡೋಣವೆ? ಬೇಡವೇ ಬೇಡ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ನಿತ್ಯದ ಬಳಕೆಯಲ್ಲಿ ಇಂಥ ತಪ್ಪುಗಳು ಎಷ್ಟು ಬಾರಿ ಸಿಕ್ಕಿಬೀಳುತ್ತವೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಅಂದಿನ ಯಂತ್ರಕ್ಕೆ ಹೋಲಿಸಿದರೆ ಇಂದು ನಮ್ಮ ಕಿಸೆಯಲ್ಲಿರುವ ದೂರವಾಣಿ ದೈತ್ಯ. ಆ ಬಡಯಂತ್ರದ ಒಡೆಯರು ಕಾವಲಿನ ಖರ್ಚನ್ನು ಭರಿಸಿದರು. ಇಂದಿನ ಸಿರಿವಂತರು ‘ವೇಗ, ವೇಗ’ ಎಂದು ಬೊಬ್ಬೆ ಹಾಕುತ್ತಾರೆ.

ವೇಗದ ವಾದದಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಅಕಾರಾದಿಯಾಗಿ ಜೋಡಿಸಿದ ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಲು ಇಪ್ಪತ್ತು ಹೋಲಿಕೆ ಸಾಕು. ಹುಡುಕುವ ಮೊದಲು ಇಡೀ ಪಟ್ಟಿ ಸರಿಯಾಗಿ ಜೋಡಣೆಯಾಗಿದೆಯೇ ಎಂದು ತಾಳೆ ನೋಡಹೊರಟರೆ ಹತ್ತು ಲಕ್ಷವನ್ನೂ ಮುಟ್ಟಬೇಕು. ಇಂಥ ದುಬಾರಿ ತಾಳೆ ಬರೆಯುವ ಮನೆಯಲ್ಲೇ ಉಳಿಯಲಿ. ‘ರಸ್ಟ್’ ಎಂಬ ಭಾಷೆಯಲ್ಲಿ ಇದಕ್ಕಾಗಿಯೇ ಎರಡು ಬಗೆ ಇಟ್ಟಿದ್ದಾರೆ: ಒಂದು ಎಂದೂ ಆರದ ಅಸರ್ಟ್, ಇನ್ನೊಂದು ಅಭಿವೃದ್ಧಿಯ ಕಾಲದಲ್ಲಿ ಮಾತ್ರ ಉರಿಯುವ ಅಸರ್ಟ್. ಬರೆಯುವವರೇ ಒಂದೊಂದನ್ನೂ ಯೋಚಿಸಿ ಯಾವುದು ಯಾವ ಬಗೆ ಎಂದು ತೀರ್ಮಾನಿಸಬೇಕು. ನಮ್ಮ ಆಕ್ಷೇಪ ಇರುವುದು ಯೋಚನೆಯೇ ಇಲ್ಲದೆ, ಅಳತೆಯೇ ಮಾಡದೆ, ಒಂದು ಗುಂಡಿ ಒತ್ತಿ ಸಾವಿರ ದೀಪ ಆರಿಸುವುದಕ್ಕೆ. ಎಷ್ಟು ಸಮಯ ಉಳಿಯಿತು ಎಂದು ಕೇಳಿದರೆ ಹೆಚ್ಚಿನವರಲ್ಲಿ ಅಂಕಿಯೇ ಇರುವುದಿಲ್ಲ.

ತಾಳೆ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ನಮ್ಮ ಓದುಗರು ಅನೇಕರು 2024ರ ಜುಲೈ 19ರಂದು ವಿಮಾನ ನಿಲ್ದಾಣಗಳಲ್ಲಿ ನಿಂತು ನೋಡಿದ್ದಾರೆ. ಅಂದು ಈ ದೇಶದ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ಹೊಸ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ಈ ಅಂದಾಜು ಮೈಕ್ರೋಸಾಫ್ಟಿನದು. ಕಾರಣ? ಪ್ರೋಗ್ರಾಮಿಗೆ ಕೊಟ್ಟದ್ದು 20 ಬಾಬುಗಳು, ಹೊಸ ಕಡತ ಕೇಳಿದ್ದು 21ನೆಯದನ್ನು. ಇಲ್ಲದ ಸ್ಥಾನಕ್ಕೆ ಕೈ ಹಾಕಿ ಯಂತ್ರವೇ ಕುಸಿಯಿತು. ಹಿಂದಿನ ಪರೀಕ್ಷೆಗಳಲ್ಲಿ 21ನೆಯದನ್ನು ನಿಜವಾಗಿ ನೋಡುವ ಪ್ರಮೇಯ ಬಂದಿರಲಿಲ್ಲವಾದ್ದರಿಂದ ಎಲ್ಲವೂ ಸುಗಮವಾಗಿ ಕಂಡಿತ್ತು. ಓಡುವ ಪ್ರೋಗ್ರಾಮಿನಲ್ಲಿ ಮಿತಿಯ ತಾಳೆ ಇರಲಿಲ್ಲ. ಅನಾಹುತದ ನಂತರ ಸೇರಿಸಿದರು. ಎಲಿಯಟ್ ಕಂಪೆನಿಯ ಗ್ರಾಹಕರು ಬಿಟ್ಟುಕೊಡಲೊಪ್ಪದ ಅದೇ ತಾಳೆ, ಅರವತ್ತು ವರ್ಷಗಳ ಮೇಲೆ!

ಇನ್ನೊಂದು ಪಂಗಡದವರಿದ್ದಾರೆ. ಇವರು ಕಾವಲುಗಾರನನ್ನು ಮನೆಗೆ ಕಳಿಸುವುದಿಲ್ಲ, ಬಾಯಿಗೆ ಬಟ್ಟೆ ತುರುಕುತ್ತಾರೆ. ಏನೇ ತಪ್ಪು ಕಂಡರೂ ನುಂಗಿಕೊಂಡು ಮುಂದೆ ಸಾಗು ಎಂಬುದು ಇವರ ಧೋರಣೆ. ಗ್ರಾಹಕರ ಮುಂದೆ ಪರದೆ ನಿಲ್ಲಬಾರದು, ಅಷ್ಟೇ. ಪರದೆ ನಿಲ್ಲುವುದಿಲ್ಲ, ನಿಜ. ತಪ್ಪು ಲೆಕ್ಕವೂ ನಿಲ್ಲುವುದಿಲ್ಲ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕತೆಯನ್ನು ಈ ಉದ್ಯೋಗದಲ್ಲಿರುವ ಪ್ರತಿಯೊಬ್ಬರೂ ಓದಬೇಕು. ಕೆನಡಾದ ಸರಕಾರಿ ಸಂಸ್ಥೆಯೊಂದು ತಯಾರಿಸಿದ ಈ ಯಂತ್ರ 1985ರಿಂದ 1987ರ ಆರಂಭದವರೆಗೆ ಕೆನಡಾ ಮತ್ತು ಅಮೆರಿಕದಲ್ಲಿ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣ ಸುರಿಯಿತು. ಅವರಲ್ಲಿ ಕೆಲವರು ಅದರಿಂದಲೇ ಸತ್ತರು. ಹಿಂದಿನ ಮಾದರಿಯಾದ ಥೆರಾಕ್-20ರಲ್ಲಿ, ಪ್ರೋಗ್ರಾಮು ಎಡವಿದರೂ ಕಿರಣವನ್ನು ತಡೆಯುವ ಬೇರೆ ಯಾಂತ್ರಿಕ ತಡೆಗಳಿದ್ದವು. ಹೊಸದರಲ್ಲಿ ಪ್ರೋಗ್ರಾಮನ್ನು ನಂಬಿ ಅವನ್ನು ಬಿಟ್ಟರು. ಯಂತ್ರವೇನೋ ತಪ್ಪನ್ನು ಗುರುತಿಸಿ ‘ಮಾಲ್‌ಫಂಕ್ಷನ್ 54’ ಎಂದು ಪರದೆಯ ಮೇಲೆ ತೋರಿಸುತ್ತಿತ್ತು. 54 ಎಂದರೆ ಏನೆಂದು ನಡೆಸುವವರ ಕೈಪಿಡಿಯಲ್ಲಿ ವಿವರವಿರಲಿಲ್ಲ. ‘ಪಿ’ ಎಂಬ ಕೀಲಿ ಒತ್ತಿದರೆ ಮುಂದುವರಿಯುತ್ತಿತ್ತು. ಸಣ್ಣಪುಟ್ಟದಕ್ಕೆಲ್ಲ ದಿನಕ್ಕೆ ಹಲವು ಬಾರಿ ಇಂಥ ಸಂದೇಶ ಬರುತ್ತಿದ್ದುದರಿಂದ ನಡೆಸುವವರಿಗೆ ಆ ಕೀಲಿ ಅಭ್ಯಾಸವಾಗಿಹೋಗಿತ್ತು. ಗೋಡೆಯಾಚೆ ಮಲಗಿದ್ದ ಮನುಷ್ಯ ಸುಡುತ್ತಿದ್ದ.

ಅದೇ ಯಂತ್ರದ ಇನ್ನೊಂದು ದೋಷವನ್ನೂ ಹೇಳಬೇಕು. ‘ತಾಳೆ ನೋಡುವುದು ಬಾಕಿ ಇದೆ’ ಎಂದು ಗುರುತಿಡುವ ಒಂದು ಪುಟ್ಟ ಲೆಕ್ಕದ ಗೂಡು ಅದರಲ್ಲಿತ್ತು. ಅಲ್ಲಿ ಒಂದು ಎಂದು ಬರೆಯುವ ಬದಲು ಪ್ರತಿಸಲವೂ ಒಂದು ಕೂಡಿಸುತ್ತಿದ್ದರು. ಆ ಗೂಡು ಹಿಡಿಯುವುದು 255ರ ವರೆಗೆ. 256ನೆಯ ಸಲ ಅದು ಸೊನ್ನೆಗೆ ಮರಳುತ್ತದೆ. ಸೊನ್ನೆ ಎಂದರೆ ತಾಳೆ ಬೇಕಿಲ್ಲ ಎಂದರ್ಥ. ಆ ಒಂದು ಕ್ಷಣದಲ್ಲಿ ಗುಂಡಿ ಒತ್ತಿದವರಿಗೆ ಕಾವಲಿಲ್ಲ.

ಇಷ್ಟು ಹೇಳಿದರೆ ಮೂರನೆಯ ಪಂಗಡದವರು ನಮ್ಮನ್ನು ತಮ್ಮವರೆಂದು ಅಪ್ಪಿಕೊಳ್ಳಲು ಬರುತ್ತಾರೆ. ತಾಳೆ ತಪ್ಪಿದೊಡನೆ ಎಲ್ಲವನ್ನೂ ನಿಲ್ಲಿಸಿ, ಎಲ್ಲಿದ್ದರೂ ಸರಿ, ಯಾವಾಗಲಾದರೂ ಸರಿ, ಎನ್ನುವ ಕಟ್ಟಾಳುಗಳು ಇವರು. ಇವರ ನಿಷ್ಠೆಗೆ ನಮಸ್ಕಾರ. ಇವರ ದಾರಿಯಲ್ಲಿ ನಾವು ಬರಲಾರೆವು.

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಯುರೋಪಿನ ಏರಿಯಾನ್-5 ರಾಕೆಟ್ಟು ಮೊದಲ ಬಾರಿ ಮೇಲೇರಿತು. ಸುಮಾರು 40 ಸೆಕೆಂಡಿನಲ್ಲಿ, ನಾಲ್ಕು ಉಪಗ್ರಹಗಳ ಸಮೇತ, ಪುಡಿಯಾಯಿತು. ದಿಕ್ಕು ಅಳೆಯುವ ಉಪಕರಣದ ಪ್ರೋಗ್ರಾಮನ್ನು ಏರಿಯಾನ್-4ರಿಂದ ಹಾಗೆಯೇ ತಂದಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ದೊಡ್ಡ ಅಂಕಿ 16 ಬಿಟ್ಟುಗಳ ಸಣ್ಣ ಗೂಡಿನಲ್ಲಿ ಹಿಡಿಸಲಿಲ್ಲ. ಇಂಥ ಅಪಾಯವಿದ್ದ ಏಳು ಅಂಕಿಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟಿದ್ದರು, ಮೂರನ್ನು ಬಿಟ್ಟಿದ್ದರು. ಗಣಕದ ದುಡಿಮೆ ನೂರಕ್ಕೆ 80 ದಾಟಬಾರದೆಂಬ ನಿಬಂಧನೆ ಅದಕ್ಕೆ ಒಂದು ಕಾರಣ. ವೇಗದವರ ಕೈವಾಡ ಇಲ್ಲಿಯೂ ಇದೆ ಎಂಬುದನ್ನು ಮರೆಯದಿರಿ! ಆದರೆ ನಮ್ಮ ವಾದಕ್ಕೆ ಮುಖ್ಯವಾದದ್ದು ಮುಂದಿನ ಹೆಜ್ಜೆ. ಅಂಕಿ ಹಿಡಿಸದಿರುವುದನ್ನು ಯಂತ್ರ ಗುರುತಿಸಿತು. ತಪ್ಪು ಕಂಡರೆ ಉಪಕರಣವನ್ನೇ ನಿಲ್ಲಿಸಬೇಕು ಎಂದು ಮೊದಲೇ ವಿಧಿಸಿದ್ದರು. ತಪ್ಪೆಂದರೆ ಯಂತ್ರದ ಒಂದು ಭಾಗ ಸುಟ್ಟುಹೋಗುವುದು, ಆಗ ಜೊತೆಯ ಉಪಕರಣ ಕೆಲಸ ವಹಿಸಿಕೊಳ್ಳುತ್ತದೆ ಎಂಬುದು ಅವರ ಎಣಿಕೆ. ಜೊತೆಯದರಲ್ಲಿ ಇದ್ದದ್ದೂ ಅದೇ ಪ್ರೋಗ್ರಾಮು. ಅದು ಒಂದು ಗಳಿಗೆ ಮೊದಲೇ ಅದೇ ಕಾರಣಕ್ಕೆ ಕಣ್ಣು ಮುಚ್ಚಿತ್ತು. ನಿಂತ ಉಪಕರಣ ಕಳಿಸಿದ ದೋಷದ ಟಿಪ್ಪಣಿಯನ್ನು ಮುಖ್ಯ ಗಣಕ ಹಾರಾಟದ ಅಂಕಿಯೆಂದು ಓದಿಕೊಂಡು ಮೂತಿಗಳನ್ನು ಪೂರ್ತಿ ತಿರುಗಿಸಿತು. ಎಲ್ಲಕ್ಕಿಂತ ವಿಷಾದದ ಸಂಗತಿ, ಆ ಲೆಕ್ಕ ಏರಿಯಾನ್-5ಕ್ಕೆ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಬೇಡದ ಲೆಕ್ಕದ ತಪ್ಪಿಗೆ ಬೇಕಾದ ಉಪಕರಣವನ್ನು ನಿಲ್ಲಿಸಿದರು. ಝಾಕ್-ಲೂಯಿ ಲಿಯಾನ್ಸ್ ಅಧ್ಯಕ್ಷತೆಯ ಸಮಿತಿ ಆರೇಳು ವಾರದಲ್ಲಿ ಇದನ್ನೆಲ್ಲ ಬಿಚ್ಚಿ ಬರೆದಿಟ್ಟಿತು.

ಹಳೆಯ ಮಾತೆನ್ನುವವರಿಗೆ ಹೊಸದೂ ಇದೆ. 2025ರ ನವೆಂಬರ್ 18ರ ಸಂಜೆ, ನಮ್ಮ ಗಡಿಯಾರದಲ್ಲಿ ಐದು ಗಂಟೆಯ ಸುಮಾರಿಗೆ, ಅಂತರಜಾಲದ ಬಹುದೊಡ್ಡ ಭಾಗ ಕಂಗೆಟ್ಟಿತು. ಕ್ಲೌಡ್‌ಫ್ಲೇರ್ ಎಂಬ ಕಂಪೆನಿಯ ಯಂತ್ರಗಳಿಗೆ, ಯಾಂತ್ರಿಕ ಹಾವಳಿಯನ್ನು ಗುರುತಿಸುವ ಲಕ್ಷಣಗಳ ಪಟ್ಟಿಯೊಂದು ಆಗಾಗ ಹೋಗುತ್ತಿರುತ್ತದೆ. ದತ್ತಸಂಗ್ರಹದ ಅನುಮತಿಯಲ್ಲಿ ಮಾಡಿದ ಒಂದು ಬದಲಾವಣೆಯಿಂದ ಸಾಲುಗಳು ಎರಡೆರಡು ಬಾರಿ ಬಂದು ಪಟ್ಟಿ ದುಪ್ಪಟ್ಟಾಯಿತು. ಓದುವ ಪ್ರೋಗ್ರಾಮಿನಲ್ಲಿ 200ರ ಮಿತಿ ಇತ್ತು, ತಾಳೆಯೂ ಇತ್ತು. ತಾಳೆ ತನ್ನ ಕೆಲಸ ಮಾಡಿತು. ಆದರೆ ಮಿತಿ ಮೀರಿದರೆ ಏನು ಮಾಡಬೇಕೆಂದು ಬರೆಯಬೇಕಾದ ಜಾಗದಲ್ಲಿ, ಮೀರಲಾರದು ಎಂಬ ಭರವಸೆಯನ್ನಷ್ಟೇ ಬರೆದಿದ್ದರು. ಭರವಸೆ ಮುರಿದೊಡನೆ ಪ್ರೋಗ್ರಾಮು ಸತ್ತಿತು, ಅದರ ಹಿಂದೆ ನಿಂತಿದ್ದ ತಾಣಗಳೆಲ್ಲ ಕತ್ತಲಾದವು. ಮೂರು ಗಂಟೆಗಳಷ್ಟು ಹೊತ್ತು ಮುಖ್ಯ ಸಂಚಾರವೇ ಅಸ್ತವ್ಯಸ್ತ. ಹೊಸ ಪಟ್ಟಿ ಕೆಟ್ಟಿದೆ, ನಿನ್ನೆಯ ಪಟ್ಟಿಯನ್ನೇ ಇಟ್ಟುಕೊಂಡು ನಡೆ, ಮನೆಗೆ ಸುದ್ದಿ ಕಳಿಸು ಎಂದು ಒಂದು ಮಾತು ಅಲ್ಲಿ ಇದ್ದಿದ್ದರೆ!

ಕಾವಲು ಇರಬೇಕೇ ಎಂಬುದು ಒಂದು ಪ್ರಶ್ನೆ, ಕಾವಲುಗಾರ ಕೂಗಿದಾಗ ಏನು ಮಾಡಬೇಕು ಎಂಬುದು ಇನ್ನೊಂದು. ಈ ಎರಡನ್ನೂ ಒಂದೇ ಗುಂಡಿಗೆ ಕಟ್ಟಿಹಾಕಿರುವುದೇ ಈ ಉದ್ಯೋಗದ ಮೂಲ ದೋಷ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮೊದಲನೆಯದಕ್ಕೆ ಉತ್ತರ ಎಲ್ಲೆಡೆಯೂ ಒಂದೇ: ಇರಬೇಕು. ಎರಡನೆಯದಕ್ಕೆ ಉತ್ತರ ಜಾಗ ನೋಡಿ ಬದಲಾಗಬೇಕು.

ಮನೆಯ ವಿದ್ಯುತ್ತನ್ನು ನೋಡಿ. ಹಳೆಯ ಚಾಳುಗಳಲ್ಲಿ ಬೆಳೆದವರಿಗೆ ಪದೇಪದೇ ಫ್ಯೂಸು ಹೋಗುತ್ತಿದ್ದುದು ನೆನಪಿದ್ದೀತು. ಕಾಟ ತಾಳಲಾರದೆ ಫ್ಯೂಸಿನ ಸಣ್ಣ ತಂತಿಯನ್ನು ಕಿತ್ತು ದಪ್ಪ ತಾಮ್ರದ ತಂತಿಯನ್ನು ಬಿಗಿಯುವ ಜಾಣರು ಪ್ರತಿ ಮಜಲೆಯಲ್ಲೂ ಒಬ್ಬರಿರುತ್ತಿದ್ದರು. ಆಮೇಲೆ ಫ್ಯೂಸು ಹೋಗುತ್ತಿರಲಿಲ್ಲ. ಗೋಡೆಯೊಳಗಿನ ತಂತಿ ಕಾಯುತ್ತಿತ್ತು. ಅಸರ್ಷನ್ ಆರಿಸುವವರೂ ನುಂಗುವವರೂ ಈ ಜಾಣರ ವಂಶದವರು. ಇನ್ನು ಇಡೀ ಕಟ್ಟಡಕ್ಕೆ ಒಂದೇ ಫ್ಯೂಸು ಇಟ್ಟು, ಒಂದು ಮನೆಯ ಇಸ್ತ್ರಿಪೆಟ್ಟಿಗೆ ಕೆಟ್ಟರೆ ಆರು ಮಜಲೆ ಕತ್ತಲು ಮಾಡುವುದು ಮೂರನೆಯ ಪಂಗಡದವರ ರೀತಿ. ಸರಿಯಾಗಿ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಕೋಣೆಗೊಂದು ಕಡಿತ ಇಡುತ್ತಾನೆ. ಇಸ್ತ್ರಿಪೆಟ್ಟಿಗೆಯ ಕೋಣೆ ಮಾತ್ರ ಆರುತ್ತದೆ, ಅಜ್ಜಿಯ ಕೋಣೆಯ ಫ್ಯಾನು ತಿರುಗುತ್ತಲೇ ಇರುತ್ತದೆ.

ಬರೆಯುವ ಮನೆಯಲ್ಲಿ ತಾಳೆ ತಪ್ಪಿದರೆ ತಕ್ಷಣ, ದೊಡ್ಡ ದನಿಯಲ್ಲಿ, ಎಲ್ಲ ವಿವರದೊಂದಿಗೆ ಪ್ರೋಗ್ರಾಮು ನಿಲ್ಲಬೇಕು. ಅಲ್ಲಿ ದಯೆ ಬೇಡ. ದುರಸ್ತಿ ಮಾಡಬಲ್ಲವರು ಎದುರಿಗೇ ಕುಳಿತಿದ್ದಾರೆ, ನಷ್ಟವೆಂದರೆ ಅರ್ಧ ಗಂಟೆ. ಜನರ ನಡುವೆ ಓಡುವಾಗ ಎದುರಿಗಿರುವವರು ಬೇರೆ: ಆಸ್ಪತ್ರೆಯ ದಾದಿ, ಟಿಕೆಟ್ಟಿಗೆ ನಿಂತ ಪ್ರಯಾಣಿಕ, ಪಿಂಚಣಿ ನೋಡಲು ಬಂದ ಹಿರಿಯರು. ಅಲ್ಲಿ ತಾಳೆ ತಪ್ಪಿದ ಆ ಒಂದು ವ್ಯವಹಾರ ಮಾತ್ರ ನಿಲ್ಲಬೇಕು. ಅರ್ಧಂಬರ್ಧ ಬರೆದದ್ದನ್ನು ಅಳಿಸಿ ಮೊದಲಿದ್ದ ಸ್ಥಿತಿಗೆ ಮರಳಬೇಕು. ಉಳಿದವರ ಕೆಲಸ ಸಾಗಬೇಕು. ಬರೆದವರಿಗೆ ಅದೇ ಕ್ಷಣದಲ್ಲಿ ವರದಿ ಮುಟ್ಟಬೇಕು, ಅದರಲ್ಲಿ ಗ್ರಾಹಕರ ಖಾಸಗಿ ವಿವರ ಇರಬಾರದು. ಗ್ರಾಹಕರಿಗೆ ತಿಳಿಯುವ ಮಾತಿನಲ್ಲಿ, ನಿಮ್ಮ ಹಣ ಎಲ್ಲಿದ್ದಿತೋ ಅಲ್ಲಿಯೇ ಇದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಹೇಳಬೇಕು. (ಪರದೆಯ ಮೇಲಿನ ಸ್ವಾಗತ, ವಂದನೆ ಎಲ್ಲ ಕನ್ನಡದಲ್ಲಿ ಬಂದು, ತೊಂದರೆಯಾದೊಡನೆ ಯಂತ್ರ ಇಂಗ್ಲಿಷಿಗೆ ಹಾರುವುದನ್ನು ಕಂಡವರು ನಮ್ಮಲ್ಲಿದ್ದಾರೆ. ಅದಕ್ಕೆ ಬೇರೆಯೇ ಲೇಖನ ಬೇಕು.)

ನಿಲ್ಲುವುದೇ ಸುರಕ್ಷಿತವೋ, ನಡೆಯುವುದೇ ಸುರಕ್ಷಿತವೋ ಎಂಬುದನ್ನು ಯಂತ್ರದ ಉದ್ದೇಶ ನೋಡಿಯೇ ಹೇಳಬೇಕು. ವಿಕಿರಣ ಯಂತ್ರ ಅನುಮಾನ ಬಂದೊಡನೆ ಆರಬೇಕು. ಆಕಾಶದಲ್ಲಿರುವ ವಿಮಾನದ ನಿಯಂತ್ರಣ ಹಾಗೆ ಆರುವಂತಿಲ್ಲ. ಲಿನಕ್ಸ್ ಎಂಬ ಪ್ರಸಿದ್ಧ ವ್ಯವಸ್ಥೆಯ ಕರ್ತೃ ಲಿನಸ್ ಟೋರ್ವಾಲ್ಡ್ಸ್, ಯಂತ್ರವನ್ನೇ ಕೊಲ್ಲುವ ಬಗೆಯ ತಾಳೆಗಳನ್ನು ಬಿಟ್ಟು ಎಚ್ಚರಿಕೆ ಬರೆದು ಮುಂದುವರಿಯುವ ಬಗೆಯನ್ನು ಬಳಸಿ ಎಂದು ತನ್ನ ಸಹಕಾರಿಗಳನ್ನು ಅನೇಕ ಬಾರಿ ಗದರಿಸಿದ್ದುಂಟು. ಅದೇ ವ್ಯವಸ್ಥೆಯಲ್ಲಿ, ಎಚ್ಚರಿಕೆ ಬಂದರೆ ನಿಂತೇಬಿಡಲಿ ಎನ್ನುವವರಿಗೆ ಹಾಗೆ ಮಾಡಿಕೊಳ್ಳುವ ಅನುಕೂಲವೂ ಇದೆ. ಆಯ್ಕೆ ನಡೆಸುವವರದು. ಹೀಗಿರಬೇಕು.

ಈಗ ನಮ್ಮ ಹೊಟ್ಟೆಯ ಸಂಕಟದ ಮಾತು. ಪುಣೆಯಲ್ಲಿ ದುಡಿಯುವ, ನಮ್ಮ ಸದಸ್ಯರ ಮನೆಯ ಹೆಣ್ಣುಮಗಳೊಬ್ಬಳು ಆಸ್ಪತ್ರೆಗಳ ಬಿಲ್ಲು ತಯಾರಿಸುವ ಪ್ರೋಗ್ರಾಮಿನಲ್ಲಿ ಒಂದು ತಾಳೆ ಇಟ್ಟಿದ್ದಳು: ಬಿಡಿ ಬಾಬುಗಳ ಮೊತ್ತದಲ್ಲಿ ರಿಯಾಯಿತಿ ಕಳೆದರೆ ಕೊನೆಯ ಮೊತ್ತ ಬರಲೇಬೇಕು. ಒಪ್ಪಿಸುವ ವಾರದಲ್ಲಿ ಅದು ಒಂದೆರಡು ಬಾರಿ ಕೂಗಿತು. ಕ್ಲೈಂಟಿನ ಮುಂದೆ ನಿಂತುಬಿಟ್ಟರೆ ಮರ್ಯಾದೆ ಹೋಗುತ್ತದೆ, ಅದನ್ನು ಆರಿಸು ಎಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿದರು. ಆರಿಸಿದಳು. ಕೆಲವು ತಿಂಗಳ ಮೇಲೆ ರಿಯಾಯಿತಿಯನ್ನು ಎರಡು ಬಾರಿ ಕಳೆದ ಬಿಲ್ಲುಗಳು ಹೊರಬಿದ್ದವು. ಆಗ ಸಭೆಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆ, ಇದನ್ನು ಬರೆದವರು ಯಾರು, ಇಷ್ಟು ಸರಳ ತಪ್ಪು ಅವರ ಕಣ್ಣಿಗೆ ಬೀಳಲಿಲ್ಲವೆ? ಕಣ್ಣಿಗೆ ಬಿದ್ದಿತ್ತು. ಕಣ್ಣು ಮುಚ್ಚು ಎಂದವರು ಆ ಸಭೆಯಲ್ಲಿಯೇ ಕುಳಿತಿದ್ದರು. ಮಾತು ಕಾಗದದ ಮೇಲೆ ಇರಲಿಲ್ಲ. ವಾರ್ಷಿಕ ಮೌಲ್ಯಮಾಪನದಲ್ಲಿ ಪೆಟ್ಟು ಬಿದ್ದದ್ದು ಅವಳಿಗೆ.

ಬ್ಯಾಂಕಿನಲ್ಲಿ ತಾಳೆಯಾಗದ ಲೆಕ್ಕವನ್ನು ಮುಂದೂಡಬೇಕಾದರೆ ಅಧಿಕಾರಿ ಸಹಿ ಹಾಕುತ್ತಿದ್ದರು. ಸಹಿ ಇತ್ತಾದ್ದರಿಂದ ಗುಮಾಸ್ತರಿಗೆ ರಕ್ಷಣೆ ಇತ್ತು. ಕೋಟ್ಯಂತರ ರೂಪಾಯಿಯ ತಂತ್ರಾಂಶದಲ್ಲಿ ಕಾವಲು ತೆಗೆಯುವುದಕ್ಕೆ ಸಹಿ ಏಕೆ ಬೇಡ? ಯಾವ ತಾಳೆಯನ್ನು ತೆಗೆದರು, ಯಾರು ಹೇಳಿದರು, ಎಷ್ಟು ವೇಗ ಉಳಿಯಿತು, ಅದು ತಪ್ಪಿದ್ದರೆ ಯಾರಿಗೆ ನಷ್ಟ ಎಂದು ನಾಲ್ಕು ಸಾಲು ಬರೆದು ಹೆಸರು ಹಾಕಲಿ. ಹೆಸರು ಹಾಕಬೇಕಾಗಿ ಬಂದರೆ ಅರ್ಧಕ್ಕರ್ಧ ಜನ ಆ ಮಾತನ್ನೇ ಎತ್ತಲಾರರು.

ತಂತ್ರಾಂಶವನ್ನು ಕೊಳ್ಳುವ ಕಡೆಯೂ ನಮ್ಮವರು ಇದ್ದಾರೆ ಎಂಬುದನ್ನು ಮರೆಯಬಾರದು. ಬ್ಯಾಂಕಿನ ಅಧಿಕಾರಿಗಳು, ಆಸ್ಪತ್ರೆಯ ಆಡಳಿತಗಾರರು, ಸಹಕಾರಿ ಸಂಘಗಳ ಪದಾಧಿಕಾರಿಗಳು, ಹೋಟೆಲಿಗೆ ಬಿಲ್ಲಿನ ಯಂತ್ರ ತರಿಸುವ ಮಾಲೀಕರು. ಮಾರುವವರು ಬಣ್ಣಬಣ್ಣದ ಪರದೆ ತೋರಿಸುವಾಗ ನೀವು ಎರಡೇ ಪ್ರಶ್ನೆ ಕೇಳಿ. ಪರೀಕ್ಷೆ ಮಾಡಿದ್ದು ಈ ಪ್ರೋಗ್ರಾಮನ್ನೇ, ಅಥವಾ ತಾಳೆಗಳಿದ್ದ ಬೇರೊಂದನ್ನೇ? ಇದರೊಳಗಿನ ಲೆಕ್ಕ ತಪ್ಪಿದರೆ ನಮಗೆ ಹೇಗೆ ತಿಳಿಯುತ್ತದೆ? ‘ತಪ್ಪುವುದೇ ಇಲ್ಲ ಸಾರ್’ ಎಂಬ ಉತ್ತರ ಬಂದರೆ ಕಾಫಿ ಕೊಟ್ಟು ಕಳಿಸಿ.

ಇದನ್ನು ಒಪ್ಪದ ಕಿರಿಯರು ನಮ್ಮಲ್ಲಿ ಇದ್ದೇ ಇದ್ದಾರೆ; ಇವರೆಲ್ಲ ಹಳೆ ಲೆಡ್ಜರಿನವರು ಎಂದು ನಕ್ಕಾರು. ನಗಲಿ, ಆದರೆ ಬರೆಯಲಿ. ಮುಂದಿನ ಎರಡು ಸಂಚಿಕೆಗಳಲ್ಲಿ ಪತ್ರಗಳಿಗೆ ಪುಟ ಕಾದಿರಿಸಿದ್ದೇವೆ. ಕಂಪೆನಿಯ ಹೆಸರು ಬೇಡ, ಮೇಲಧಿಕಾರಿಯ ಹೆಸರೂ ಬೇಡ. ಯಾವ ತಾಳೆಯನ್ನು ತೆಗೆಸಿದರು, ಏನು ಕಾರಣ ಕೊಟ್ಟರು, ಆಮೇಲೆ ಏನಾಯಿತು, ಇಷ್ಟು ಇರಲಿ. ಕನ್ನಡದಲ್ಲಿ ಬರೆಯಲು ಕೈ ತಡವರಿಸಿದರೆ ಭಾನುವಾರ ಸಂಜೆ ಸಂಘದ ವಾಚನಾ­ಲಯಕ್ಕೆ ಬಂದು ಹೇಳಿ, ಬರೆದುಕೊಳ್ಳಲು ನಾವಿದ್ದೇವೆ.